ನೋವಿಗೆ ಅಂಟಿಸುವ ಲಿಡೋಕೇನ್ ಪ್ಯಾಚ್: ಪದೇ ಪದೇ ಕೇಳುವ ಪ್ರಶ್ನೆಗಳು

ಮೆಡಿಕಲ್ ಶಾಪ್ ಕೌಂಟರ್ ಹಿಂದೆ ನಿಂತು ನನಗೆ ಹದಿನೆಂಟು ವರ್ಷ ಆಯಿತು. ಪ್ಯಾಚ್ ಬಗ್ಗೆ ಯಾರಾದರೂ ಕೇಳಿದರೆ ಮೊದಲೆಲ್ಲ ಪ್ಯಾಕೆಟ್ ಮೇಲೆ ಬರೆದದ್ದನ್ನೇ ಓದಿ ಹೇಳುತ್ತಿದ್ದೆ. ಆಮೇಲೆ ಅಮ್ಮನಿಗೆ ಸರ್ಪಸುತ್ತು ಬಂತು. ಹುಣ್ಣು ಒಣಗಿತು, ನೋವು ಹೋಗಲಿಲ್ಲ. ಅವಳ ಪಕ್ಕೆಗೆ ನಾನೇ ದಿನಾ ಪ್ಯಾಚ್ ಅಂಟಿಸಲು ಶುರು ಮಾಡಿದ ಮೇಲೆ, ಪ್ಯಾಕೆಟ್ ಮೇಲೆ ಇಲ್ಲದ ವಿಷಯ ಎಷ್ಟಿದೆ ಅಂತ ಗೊತ್ತಾಯಿತು. ಇಲ್ಲಿರುವ ಪ್ರಶ್ನೆಗಳೆಲ್ಲ ಕೌಂಟರ್‌ನಲ್ಲಿ, ಫೋನಿನಲ್ಲಿ, ಮದುವೆಮನೆಯ ಊಟದ ಪಂಕ್ತಿಯಲ್ಲಿ ನನ್ನನ್ನು ಕೇಳಿದವು. ನಿಮ್ಮ ಡಾಕ್ಟರ್ ಹೇಳಿದ್ದು ಇದಕ್ಕಿಂತ ಬೇರೆ ಇದ್ದರೆ ಅವರ ಮಾತೇ ನಡೆಯಲಿ. ಅವರು ನಿಮ್ಮನ್ನು ನೋಡಿದ್ದಾರೆ, ನಾನು ನೋಡಿಲ್ಲ.

ಪ್ಯಾಚ್ ಅಂದರೆ ಯಾವುದು? ಹತ್ತಾರು ಥರ ಇವೆಯಲ್ಲ?

ಗೊಂದಲ ಶುರುವಾಗುವುದೇ ಅಲ್ಲಿ. ಇಲ್ಲಿ ಹೇಳುತ್ತಿರುವುದು ಲಿಡೋಕೇನ್ ಇರುವ ಪ್ಯಾಚ್. ನಮ್ಮಲ್ಲಿ ಇದೇ ಔಷಧಿಯನ್ನು ಲಿಗ್ನೋಕೇನ್ ಅಂತಲೂ ಕರೆಯುತ್ತಾರೆ. ಎರಡೂ ಒಂದೇ. ಹಲ್ಲು ಕೀಳುವ ಮುಂಚೆ ವಸಡಿಗೆ ಚುಚ್ಚುತ್ತಾರಲ್ಲ, ಆಮೇಲೆ ತುಟಿ ದಪ್ಪ ಆದ ಹಾಗೆ ಅನಿಸುತ್ತದಲ್ಲ, ಅದೇ ಔಷಧಿ. ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ 1943ರಲ್ಲಿ ಇದನ್ನು ತಯಾರಿಸಿದರು. ಅವರ ಜೊತೆಗಾರ ಬೆಂಗ್ಟ್ ಲುಂಡ್‌ಕ್ವಿಸ್ಟ್ ತಮ್ಮ ಮೈಮೇಲೇ ಪರೀಕ್ಷೆ ಮಾಡಿಕೊಂಡರು. 1948ರಲ್ಲಿ ಝೈಲೋಕೇನ್ ಅನ್ನುವ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಆ ಹೆಸರು ಇವತ್ತಿಗೂ ಆಸ್ಪತ್ರೆಗಳಲ್ಲಿ ಓಡಾಡುತ್ತಿದೆ.

ಪ್ಯಾಚ್ ಬಂದದ್ದು ಬಹಳ ತಡವಾಗಿ. ಅಮೆರಿಕದಲ್ಲಿ 1999ರಲ್ಲಿ ಶೇ 5ರ ಪ್ಯಾಚಿಗೆ ಒಪ್ಪಿಗೆ ಸಿಕ್ಕಿತು, ಅದೂ ಸರ್ಪಸುತ್ತಿನ ನಂತರ ಉಳಿಯುವ ನೋವಿಗೆ ಮಾತ್ರ. ಅಳತೆ 10 ಸೆಂ.ಮೀ. ಅಗಲ, 14 ಸೆಂ.ಮೀ. ಉದ್ದ. ಒಂದರಲ್ಲಿ 700 ಮಿಲಿಗ್ರಾಂ ಔಷಧಿ. ಒಂದು ಕಡೆ ಮೆತ್ತನೆಯ ಬಟ್ಟೆ, ಇನ್ನೊಂದು ಕಡೆ ತಣ್ಣನೆಯ ಅಂಟು. ಅಮ್ಮ ಮೊದಲ ಸಲ ಮುಟ್ಟಿ ನೋಡಿ, "ಇಷ್ಟೇನಾ? ಹಣೆಗೆ ಹಾಕೋ ಒದ್ದೆಬಟ್ಟೆ ಇದ್ದಂಗಿದೆ" ಅಂದಳು.

ಅಂಟಿಸಿದರೆ ಆ ಜಾಗ ಪೂರ್ತಿ ಮರಗಟ್ಟುತ್ತಾ?

ಇಲ್ಲ. ಹಲ್ಲಿನ ಇಂಜೆಕ್ಷನ್ ನೆನಪಿಟ್ಟುಕೊಂಡು ಬಂದವರಿಗೆ ಇಲ್ಲೇ ನಿರಾಸೆ ಆಗುವುದು. "ಚಿವುಟಿದರೆ ಗೊತ್ತಾಗ್ತಿದೆ, ಔಷಧಿ ಡೂಪ್ಲಿಕೇಟ್ ಇರಬೇಕು" ಅಂತ ಒಬ್ಬರು ಪ್ಯಾಕೆಟ್ ವಾಪಸ್ ತಂದಿದ್ದರು. ಡೂಪ್ಲಿಕೇಟ್ ಅಲ್ಲ, ಅದು ಕೆಲಸ ಮಾಡುವ ರೀತಿಯೇ ಹಾಗೆ.

ನರದ ಮೇಲೆ ಸೋಡಿಯಂ ಒಳಗೆ ನುಗ್ಗಲು ಪುಟ್ಟ ಪುಟ್ಟ ಬಾಗಿಲುಗಳಿವೆ. ಆ ಬಾಗಿಲು ತೆರೆದಾಗಲೇ ನೋವಿನ ಸುದ್ದಿ ಮೆದುಳಿಗೆ ಹೊರಡುವುದು. ಪೆಟ್ಟು ತಿಂದ ನರದಲ್ಲಿ ಈ ಬಾಗಿಲುಗಳು ಸುಮ್ನೆ ಸುಮ್ನೆ ತೆರೆದುಕೊಳ್ಳುತ್ತವೆ. ಯಾರೂ ಮುಟ್ಟದಿದ್ದರೂ ಚುಚ್ಚುತ್ತದೆ, ಉರಿಯುತ್ತದೆ, ಕರೆಂಟ್ ಹೊಡೆದ ಹಾಗಾಗುತ್ತದೆ. ಲಿಡೋಕೇನ್ ಆ ಬಾಗಿಲುಗಳಿಗೆ ಅಗುಳಿ ಹಾಕುತ್ತದೆ. ಇಂಜೆಕ್ಷನ್ನಿನಲ್ಲಿ ಔಷಧಿ ನರದ ಬುಡಕ್ಕೇ ಹೋಗುವುದರಿಂದ ಎಲ್ಲ ಬಾಗಿಲೂ ಮುಚ್ಚುತ್ತವೆ. ಪ್ಯಾಚಿನಿಂದ ಚರ್ಮದ ಕೆಳಗೆ ಇಳಿಯುವುದು ಸ್ವಲ್ಪವೇ. ಹುಚ್ಚು ಹಿಡಿದ ನರ ತೆಪ್ಪಗಾಗಲು ಅಷ್ಟು ಸಾಕು, ಸ್ಪರ್ಶ ಪೂರ್ತಿ ಹೋಗಲು ಸಾಲದು.

ಹಾಗಾದರೆ ಯಾವ ನೋವಿಗೆ ಇದು?

ನಾನು ಕೌಂಟರ್‌ನಲ್ಲಿ ಮಾಡುವ ಒಂದು ಸಣ್ಣ ಪರೀಕ್ಷೆ ಇದೆ. "ನೋವು ಎಲ್ಲಿದೆ, ಬೆರಳಲ್ಲಿ ಗೆರೆ ಎಳೆದು ತೋರಿಸಿ" ಅನ್ನುತ್ತೇನೆ. ಇಲ್ಲಿಂದ ಇಲ್ಲಿಗೆ ಅಂತ ಚರ್ಮದ ಮೇಲೆ ಗೆರೆ ಎಳೆದು, ಅದನ್ನು ಅಂಗೈಯಲ್ಲಿ ಮುಚ್ಚಲು ಆದರೆ ಪ್ಯಾಚಿನ ಬಗ್ಗೆ ಡಾಕ್ಟರ್ ಹತ್ತಿರ ಕೇಳುವುದಕ್ಕೆ ಅರ್ಥ ಇದೆ. ಕೈಯನ್ನು ಸೊಂಟದಿಂದ ಹಿಮ್ಮಡಿವರೆಗೆ ಓಡಿಸಿ "ಎಲ್ಲೋ ಒಳಗೆ" ಅಂದರೆ ಇದರಿಂದ ಆಗುವುದು ಕಮ್ಮಿ.

ಸರ್ಪಸುತ್ತಿನ ನಂತರದ ನೋವು ಇದಕ್ಕೆ ಸರಿಯಾದ ಉದಾಹರಣೆ. ಚಿಕ್ಕವರಿದ್ದಾಗ ಚಿಕನ್ ಪಾಕ್ಸ್ ಬಂದಿರುತ್ತದಲ್ಲ, ಆ ವೈರಸ್ ಮೈಬಿಟ್ಟು ಹೋಗುವುದಿಲ್ಲ. ಬೆನ್ನುಹುರಿಯ ಪಕ್ಕದ ನರದ ಗಂಟಿನಲ್ಲಿ ಸದ್ದಿಲ್ಲದೆ ಕೂತಿರುತ್ತದೆ. ವಯಸ್ಸಾಗಿ ಶಕ್ತಿ ಕುಂದಿದಾಗ ಒಂದು ನರ ಹಿಡಿದುಕೊಂಡು ಹೊರಗೆ ಬರುತ್ತದೆ. ಅದಕ್ಕೇ ಗುಳ್ಳೆಗಳು ಒಂದೇ ಪಕ್ಕದಲ್ಲಿ, ಪಟ್ಟಿ ಕಟ್ಟಿದ ಹಾಗೆ ಏಳುವುದು. ಹಾವಿನ ತಲೆಯೂ ಬಾಲವೂ ಕೂಡಿದರೆ ಆಯಸ್ಸು ಮುಗಿಯಿತು ಅನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ನರ ಇರುವುದು ಒಂದು ಪಕ್ಕಕ್ಕೆ, ಸಾಮಾನ್ಯವಾಗಿ ಗುಳ್ಳೆ ಮೈಯ ನಡುಗೆರೆ ದಾಟುವುದಿಲ್ಲ. ಹಾಗಾಗಿ ಮಣ್ಣು ಹಚ್ಚಿಸಿ, ಮಂತ್ರ ಹಾಕಿಸಿ ತಲೆ-ಬಾಲ ಕೂಡುವುದು ತಪ್ಪಿತು ಅಂದುಕೊಳ್ಳುವವರು, ಕೂಡದ್ದನ್ನೇ ತಪ್ಪಿಸಿರುತ್ತಾರೆ. ನಷ್ಟವಾಗುವುದು ಸಮಯ. ಗುಳ್ಳೆ ಕಂಡ 72 ಗಂಟೆಯೊಳಗೆ ವೈರಸ್ ಮಾತ್ರೆ ಶುರು ಮಾಡಿದರೆ ಒಳ್ಳೆಯದು. ಅಮ್ಮ ಆರನೇ ದಿನ ಹೇಳಿದಳು. ಔಷಧಿ ಅಂಗಡಿ ಇಟ್ಟವಳ ಮನೆಯಲ್ಲೇ ಹೀಗೆ.

ಕಜ್ಜಿ ಒಣಗಿ ಮೂರು ತಿಂಗಳಾದರೂ ನೋವು ಉಳಿದರೆ ಅದು ಸರ್ಪಸುತ್ತಿನ ನಂತರದ ನರದ ನೋವು. ಅಮ್ಮನಿಗೆ ಬಲಪಕ್ಕೆಯಲ್ಲಿ, ಕುಪ್ಪಸದ ಅಂಚು ಮುಗಿಯುವ ಜಾಗದಿಂದ ಬೆನ್ನಿನವರೆಗೆ. ಕುಪ್ಪಸ ತಾಗಿದರೆ ಉರಿ. ಸೆರಗು ಜಾರಿದರೆ ಉರಿ. ಫ್ಯಾನ್ ಗಾಳಿ ಬಿದ್ದರೂ ಉರಿ. ಸೆಖೆಯ ಏಪ್ರಿಲ್‌ನಲ್ಲಿ ಫ್ಯಾನ್ ಆರಿಸಿ ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ತಾಗಬಾರದ್ದು ತಾಗಿದ ಹಾಗೆ ನೋಯುವ ಈ ಥರದ ನೋವಿಗೆ ಪ್ಯಾಚ್ ಎರಡು ರೀತಿ ಉಪಕಾರ ಮಾಡುತ್ತದೆ. ಔಷಧಿ ಒಂದು. ಇನ್ನೊಂದು, ಬಟ್ಟೆಗೂ ಚರ್ಮಕ್ಕೂ ನಡುವೆ ಒಂದು ಮೆತ್ತನೆಯ ಅಡ್ಡ.

ಮಂಡಿ ನೋವು, ಸೊಂಟ ನೋವಿಗೆ ಹಾಕಬಹುದಾ?

ಕೆಲವರಿಗೆ ಡಾಕ್ಟರುಗಳೇ ಬರೆದುಕೊಡುತ್ತಾರೆ, ಕೆಲವರಿಗೆ ಹಿತ ಅನಿಸುತ್ತದೆ. ಆದರೆ ಮಂಡಿ ಸವೆತದ ನೋವು, ಡಿಸ್ಕ್ ಒತ್ತಿದ ಸೊಂಟ ನೋವು ಇರುವುದು ಆಳದಲ್ಲಿ. ಚರ್ಮದ ಮೇಲಿನ ಔಷಧಿ ಅಲ್ಲಿಯವರೆಗೆ ಮುಟ್ಟುವುದು ಕಷ್ಟ. ದುಬಾರಿ ಪ್ಯಾಕೆಟ್ ಕೊಂಡು ಮಂಡಿಗೆ ಸುತ್ತಿಕೊಳ್ಳುವ ಮುಂಚೆ ಎರಡು ಸಲ ಯೋಚಿಸಿ.

ಅಂಟಿಸುವ ಸರಿಯಾದ ರೀತಿ ಹೇಗೆ?

ಮೊದಲು ಜಾಗ ಗೊತ್ತು ಮಾಡಿಕೊಳ್ಳಿ. ಅತಿ ಜಾಸ್ತಿ ನೋಯುವ ಜಾಗವೇ ಪ್ಯಾಚಿನ ಮಧ್ಯ. ಬೆನ್ನಿನ ಕಡೆ ಆದರೆ ನೀವೇ ಅಂಟಿಸಿಕೊಳ್ಳಲು ಹೋಗಬೇಡಿ, ಮುದುರಿ ದುಡ್ಡು ದಂಡ ಆಗುತ್ತದೆ.

ಚರ್ಮ ಒಣಗಿರಬೇಕು. ಎಣ್ಣೆ, ಪೌಡರ್, ನೋವಿನ ಮುಲಾಮು ಏನೂ ಇರಬಾರದು. ಅಮ್ಮ ಅಭ್ಯಂಜನ ಬಿಡುವವಳಲ್ಲ, ಹಾಗಾಗಿ ಎಣ್ಣೆ ಹಚ್ಚಿದ ದಿನ ಆ ಪಕ್ಕೆಗೆ ಮಾತ್ರ ಸೋಪು ಹಾಕಿ ತೊಳೆದು, ಹತ್ತಿ ಟವೆಲಿನಲ್ಲಿ ಒತ್ತಿ ಒರೆಸುತ್ತಿದ್ದೆ. ಉಜ್ಜಬಾರದು, ಒತ್ತಬೇಕು. ಕೂದಲಿದ್ದರೆ ಕತ್ತರಿಯಲ್ಲಿ ಕತ್ತರಿಸಿ. ರೇಜರ್ ಬೇಡ, ಕಣ್ಣಿಗೆ ಕಾಣದ ಗಾಯ ಆಗಿರುತ್ತದೆ.

ಗಾಯ, ಹುಣ್ಣು, ಒಡೆದ ಗುಳ್ಳೆ ಇರುವ ಚರ್ಮಕ್ಕೆ ಅಂಟಿಸಲೇಬಾರದು. ಅಲ್ಲಿಂದ ಔಷಧಿ ನೇರವಾಗಿ ರಕ್ತಕ್ಕೆ ಇಳಿಯುತ್ತದೆ. ಸರ್ಪಸುತ್ತಿನ ಕಜ್ಜಿ ಪೂರ್ತಿ ಒಣಗಿ, ಹಕ್ಕಳೆ ಉದುರುವವರೆಗೆ ಕಾಯಿರಿ.

ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಒಂದೇ ಸಲಕ್ಕೆ ಕೀಳಬೇಡಿ. ಒಂದು ತುದಿ ಬಿಡಿಸಿ ಅಂಟಿಸಿ, ಆಮೇಲೆ ಹಾಳೆ ಎಳೆಯುತ್ತಾ ಉಳಿದದ್ದನ್ನು ಒತ್ತುತ್ತಾ ಹೋಗಿ, ಪುಸ್ತಕಕ್ಕೆ ಬೈಂಡು ಹಾಕುವ ಹಾಗೆ. ಒತ್ತುವಾಗ ಅಂಗೈ ಪೂರ್ತಿ ಇಟ್ಟು ಹತ್ತು ಎಣಿಸಿ. ಕೈ ತೊಳೆಯಿರಿ. ತೊಳೆಯದೆ ಕಣ್ಣು ಉಜ್ಜಿದರೆ ಕಣ್ಣಿಗೆ ಜೋಮು ಹಿಡಿದು, ಏನಾದರೂ ಬಿದ್ದರೂ ಗೊತ್ತಾಗುವುದಿಲ್ಲ.

ಪ್ಯಾಚಿನ ಬಟ್ಟೆಯ ಮೂಲೆಯಲ್ಲಿ ಅಂಟಿಸಿದ ಸಮಯವನ್ನು ಬಾಲ್ ಪೆನ್ನಿನಲ್ಲಿ ಬರೆಯುತ್ತೇನೆ. ಮೈಗೆ ಅಂಟಿಸುವ ಮುಂಚೆ ಬರೆಯಿರಿ, ಆಮೇಲೆ ಬರೆದರೆ ಬೈಗುಳ ಗ್ಯಾರಂಟಿ.

12 ಗಂಟೆ ಹಾಕಿ 12 ಗಂಟೆ ಬಿಡಬೇಕು ಅಂತಾರೆ. ಹಗಲು ಹಾಕಬೇಕಾ, ರಾತ್ರಿನಾ?

ಶೇ 5ರ ಪ್ಯಾಚಿನ ನಿಯಮ ಹೀಗಿದೆ: 24 ಗಂಟೆಯಲ್ಲಿ ಒಟ್ಟು 12 ಗಂಟೆ ಮಾತ್ರ ಮೈಮೇಲೆ ಇರಬೇಕು, ಒಂದೇ ಸಲಕ್ಕೆ ಹೆಚ್ಚೆಂದರೆ 3 ಪ್ಯಾಚ್. ಆ 12 ಗಂಟೆ ಯಾವುದು ಅನ್ನುವುದು ನಿಮ್ಮ ನೋವು ನೋಡಿಕೊಂಡು.

ನಾನು ಇಲ್ಲೇ ಎಡವಿದ್ದು. ಬೆಳಿಗ್ಗೆ ಅಂಗಡಿಗೆ ಹೊರಡುವ ಮುಂಚೆ, ಅಮ್ಮನ ಸ್ನಾನ ಆದ ಮೇಲೆ ಅಂಟಿಸುವುದು ನನಗೆ ಅನುಕೂಲ. ಎಂಟಕ್ಕೆ ಅಂಟಿಸಿ ರಾತ್ರಿ ಎಂಟಕ್ಕೆ ಕೀಳುತ್ತಿದ್ದೆ. ಅವಳಿಗೆ ನೋವು ಏರುತ್ತಿದ್ದದ್ದು ರಾತ್ರಿ, ಮಲಗಿದ ಮೇಲೆ. ನೋವು ಬರುವ ಹೊತ್ತಿಗೆ ಸರಿಯಾಗಿ ನಾನು ಪ್ಯಾಚ್ ಕಿತ್ತು ಬಿಸಾಡುತ್ತಿದ್ದೆ! ಮೂರು ವಾರ ಹೀಗೇ ಹೋಯಿತು. "ಇದರಿಂದ ಏನೂ ಆಗ್ತಿಲ್ಲ ಕಣೆ" ಅಂತ ಅವಳು, "ಸ್ವಲ್ಪ ತಾಳ್ಮೆ ಇರಲಿ" ಅಂತ ನಾನು. ಕೊನೆಗೆ ಒಂದು ಹಳೆಯ ಕ್ಯಾಲೆಂಡರ್ ಹಿಂದೆ ಯಾವ ಹೊತ್ತಿಗೆ ಎಷ್ಟು ನೋವು ಅಂತ ಬರೆಸಿದೆ. ನಾಲ್ಕೇ ದಿನಕ್ಕೆ ಗುಟ್ಟು ರಟ್ಟಾಯಿತು. ಸಂಜೆ ಏಳಕ್ಕೆ ಅಂಟಿಸಿ ಬೆಳಿಗ್ಗೆ ಏಳಕ್ಕೆ ಕಿತ್ತು ಸ್ನಾನ, ಇಷ್ಟೇ ಬದಲಾವಣೆ. ಆ ವಾರ ಫ್ಯಾನ್ ಹಾಕಿಕೊಂಡು ಮಲಗಿದಳು.

ನಡುವೆ ಬಿಡುವ 12 ಗಂಟೆ ಸುಮ್ನೆ ಇಟ್ಟದ್ದಲ್ಲ. ಚರ್ಮಕ್ಕೂ ಉಸಿರಾಡಲು ಬಿಡಬೇಕು, ಔಷಧಿಯೂ ಮೈಯಲ್ಲಿ ಸೇರಿಕೊಂಡು ಹೋಗಬಾರದು.

ಎಷ್ಟು ದಿನಕ್ಕೆ ಗುಣ ಕಾಣುತ್ತದೆ?

ಕೆಲವರಿಗೆ ಮೊದಲ ದಿನವೇ ಬಟ್ಟೆ ತಾಗಿದರೆ ಆಗುವ ಉರಿ ಕಮ್ಮಿ ಆಗುತ್ತದೆ. ಕೆಲವರಿಗೆ ನಿಧಾನ. ಸರಿಯಾದ ಜಾಗಕ್ಕೆ, ಸರಿಯಾದ ಹೊತ್ತಿಗೆ ಹಾಕಿ 2ರಿಂದ 4 ವಾರ ನೋಡಬೇಕು. ಅಷ್ಟಕ್ಕೂ ಏನೂ ಅನಿಸದಿದ್ದರೆ ಡಾಕ್ಟರ್ ಹತ್ತಿರ ವಾಪಸ್ ಹೋಗಿ. ಕೆಲಸ ಮಾಡದ ಪ್ಯಾಚನ್ನು ಆರು ತಿಂಗಳು ಅಂಟಿಸಿಕೊಂಡವರನ್ನು ನೋಡಿದ್ದೇನೆ.

ಇದರ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಳ್ಳಬಹುದಾ?

ಬೇಡ. ಬಿಸಿನೀರಿನ ಚೀಲ, ಕರೆಂಟಿನ ಹೀಟಿಂಗ್ ಪ್ಯಾಡ್, ಬಿಸಿ ಉಪ್ಪಿನ ಗಂಟು, ಒಲೆ ಮುಂದೆ ಬೆನ್ನು ಕಾಯಿಸುವುದು, ಯಾವುದೂ ಬೇಡ. ಬಿಸಿಗೆ ರಕ್ತ ಓಡಾಟ ಹೆಚ್ಚಾಗಿ ಔಷಧಿ ಜಾಸ್ತಿ ಒಳಗೆ ಇಳಿಯುತ್ತದೆ. ಚರ್ಮಕ್ಕೆ ಸುಡುವುದೂ ಸರಿಯಾಗಿ ಗೊತ್ತಾಗುವುದಿಲ್ಲ, ಬೊಬ್ಬೆ ಬಂದ ಮೇಲೆ ತಿಳಿಯುತ್ತದೆ. ಶಾಖ ಬೇಕೇ ಬೇಕು ಅಂದರೆ ಪ್ಯಾಚ್ ಇರುವ ಜಾಗ ಬಿಟ್ಟು ಬೇರೆ ಕಡೆ.

ಮೇಲಿಂದ ಪ್ಲಾಸ್ಟಿಕ್ ಸುತ್ತುವುದೂ ತಪ್ಪು. ಮರಗಟ್ಟಿಸುವ ಔಷಧಿ ಚರ್ಮದ ಮೇಲೆ ತಾನೇ ಇರುವುದು, ಏನಾಗುತ್ತೆ ಅನ್ನುವವರಿಗೆ ಒಂದು ವಿಷಯ. ಅಮೆರಿಕದಲ್ಲಿ 22 ಮತ್ತು 25 ವರ್ಷದ ಇಬ್ಬರು ಹೆಣ್ಣುಮಕ್ಕಳು ಕಾಲಿನ ಕೂದಲು ಲೇಸರಿನಲ್ಲಿ ತೆಗೆಸುವ ಮುಂಚೆ ಮರಗಟ್ಟಿಸುವ ಕ್ರೀಮ್ ಬಳಿದು, ಪ್ಲಾಸ್ಟಿಕ್ ಸುತ್ತಿಕೊಂಡು ತೀರಿಹೋದರು. 2007ರಲ್ಲಿ ಅಲ್ಲಿನ ಔಷಧಿ ಇಲಾಖೆ ಇದನ್ನೇ ಹೇಳಿ ಎಚ್ಚರಿಸಿತು. ಅದು ಪ್ಯಾಚ್ ಅಲ್ಲ, ಕ್ರೀಮ್. ಆದರೆ ದಾರಿ ಒಂದೇ: ಹೆಚ್ಚು ಜಾಗಕ್ಕೆ ಹಚ್ಚಿ, ಮುಚ್ಚಿ, ಬಿಸಿ ಮಾಡಿದರೆ ಔಷಧಿ ರಕ್ತಕ್ಕೆ ನುಗ್ಗುತ್ತದೆ.

ಸ್ನಾನ ಮಾಡಬಹುದಾ?

ಕಿತ್ತ ಮೇಲೆ ಮಾಡಿ. ನೀರು ಬಿದ್ದರೆ ಅಂಟು ಬಿಡುತ್ತದೆ. ಕಿತ್ತ ತಕ್ಷಣ ಕುದಿಯುವ ನೀರು ಹೊಯ್ದುಕೊಳ್ಳಬೇಡಿ, ಕೈಯಲ್ಲಿ ಬಿಸಿ ನೋಡಿ. ಬೆವರಿನಿಂದ ಅಂಚು ಎದ್ದರೆ ಕಾಗದದ ಮೆಡಿಕಲ್ ಟೇಪ್ ಅಂಚಿಗೆ ಹಾಕಿ, ಸಾಕು.

ಪ್ಯಾಚ್ ದೊಡ್ಡದಾಯಿತು. ಕತ್ತರಿಸಬಹುದಾ?

ಮೇಲೆ ಹೇಳಿದ ಶೇ 5ರ ಪ್ಯಾಚನ್ನು ಕತ್ತರಿಸಬಹುದು. ಹಿಂದಿನ ಹಾಳೆ ಬಿಡಿಸುವ ಮುಂಚೆಯೇ ಕತ್ತರಿಸಿ, ಇಲ್ಲದಿದ್ದರೆ ಕತ್ತರಿಗೇ ಅಂಟಿಕೊಳ್ಳುತ್ತದೆ. ಅಮ್ಮನ ಪಕ್ಕೆಗೆ ಉದ್ದನೆಯ ಪಟ್ಟಿ ಬೇಕಿತ್ತು. ಉದ್ದಕ್ಕೆ ಎರಡು ಮಾಡಿ, ಪಕ್ಕೆಲುಬಿನ ಜಾಡು ಹಿಡಿದು ಒಂದರ ತುದಿಗೆ ಇನ್ನೊಂದನ್ನು ಅಂಟಿಸುತ್ತಿದ್ದೆ. ಒಂದೇ ಪ್ಯಾಚಿನಲ್ಲಿ ಪೂರ್ತಿ ಗೆರೆ ಮುಚ್ಚಿತು. ಕವರ್ ಒಡೆದ ಮೇಲೆ ಉಳಿದ ತುಂಡನ್ನು ವಾರಗಟ್ಟಲೆ ಇಡಬೇಡಿ, ಒಣಗಿಹೋಗುತ್ತದೆ.

ಈ ಮಾತನ್ನು ಎಲ್ಲ ಪ್ಯಾಚಿಗೂ ಅನ್ವಯಿಸಬೇಡಿ. ಫೆಂಟನಿಲ್ ಪ್ಯಾಚಿಗೆ ಕತ್ತರಿ ತಾಗಿಸಲೇಬಾರದು. ಅದರ ವಿಷಯ ಮುಂದೆ ಬರುತ್ತದೆ.

ಹಾರ್ಟ್ ತೊಂದರೆ ಇರುವವರಿಗೆ ಪರವಾಗಿಲ್ವಾ?

ಭಯಕ್ಕೆ ಕಾರಣ ಇದೆ. ಇದೇ ಲಿಡೋಕೇನನ್ನು ಹೃದಯದ ಬಡಿತ ತಾಳ ತಪ್ಪಿದಾಗ ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಕೊಡುತ್ತಾರೆ. ಆದರೆ ನಿಯಮದಂತೆ ಹಾಕಿದ ಪ್ಯಾಚಿನಿಂದ ಮೈಗೆ ಸೇರುವುದು ಶೇ 3ರ ಆಸುಪಾಸು. 3 ಪ್ಯಾಚ್ 12 ಗಂಟೆ ಹಾಕಿದರೂ ರಕ್ತದಲ್ಲಿ ಸಿಗುವುದು ಹೃದಯದ ಚಿಕಿತ್ಸೆಗೆ ಬೇಕಾಗುವುದರ ಸುಮಾರು ಹತ್ತನೇ ಒಂದು ಪಾಲು.

ಆದರೂ ಡಾಕ್ಟರಿಗೆ ಹೇಳಲೇಬೇಕಾದವರು ಇದ್ದಾರೆ. ಬಡಿತ ಸರಿಪಡಿಸುವ ಮಾತ್ರೆ, ಅದರಲ್ಲೂ ಮೆಕ್ಸಿಲೆಟಿನ್ ಥರದವು ತೆಗೆದುಕೊಳ್ಳುವವರು. ಲಿವರ್ ತುಂಬಾ ಕೆಟ್ಟಿರುವವರು, ಯಾಕೆಂದರೆ ಈ ಔಷಧಿ ಕರಗುವುದು ಲಿವರಿನಲ್ಲಿ. ಹಲ್ಲಿನ ಇಂಜೆಕ್ಷನ್ ಕೊಟ್ಟಾಗ ಅಲರ್ಜಿ ಆದವರು. ಬಸುರಿಯರು, ಹಾಲೂಡಿಸುವವರು.

ಪ್ಯಾಚ್ ಹಾಕಿದ ಮೇಲೆ ಬಾಯಿ ಸುತ್ತ ಜೋಮು, ನಾಲಿಗೆಗೆ ಕಬ್ಬಿಣ ನೆಕ್ಕಿದ ರುಚಿ, ಕಿವಿಯಲ್ಲಿ ಗುಂಯ್ ಅನ್ನುವುದು, ತಲೆ ಸುತ್ತು, ಮಂಪರು, ಕಣ್ಣು ಮಂಜು, ಬಡಿತ ನಿಧಾನ ಆದರೆ ತಕ್ಷಣ ಕಿತ್ತು, ಜಾಗ ತೊಳೆದು, ಆಸ್ಪತ್ರೆಗೆ ಹೋಗಿ. ನಡೆಯಲು ಆಗದಿದ್ದರೆ 108ಕ್ಕೆ ಫೋನ್ ಮಾಡಿ. ಕಿತ್ತ ಪ್ಯಾಚನ್ನೂ ಕವರನ್ನೂ ಜೊತೆಗೆ ಒಯ್ಯಿರಿ.

ಶುಗರ್‌ನಿಂದ ಪಾದ ಉರಿಯುತ್ತೆ. ಅದಕ್ಕೆ?

ಕೆಲವು ಡಾಕ್ಟರುಗಳು ಬರೆಯುತ್ತಾರೆ. ಆದರೆ ನಾನು ಮೊದಲು ಹೇಳುವುದು, ಪಾದ ಎತ್ತಿ ಕನ್ನಡಿಯಲ್ಲಿ ಅಡಿಭಾಗ ನೋಡಿಕೊಳ್ಳಿ ಅಂತ. ಶುಗರ್ ಇರುವವರ ಪಾದದಲ್ಲಿ ಒಡಕು, ಸಣ್ಣ ಹುಣ್ಣು ಇದ್ದರೂ ಗೊತ್ತಿರುವುದಿಲ್ಲ. ಅದರ ಮೇಲೆ ಪ್ಯಾಚ್ ಹಾಕಿದರೆ ಎರಡು ಕಷ್ಟ: ಔಷಧಿ ಹೆಚ್ಚು ಇಳಿಯುತ್ತದೆ, ಹುಣ್ಣೂ ಮುಚ್ಚಿಹೋಗುತ್ತದೆ. ಜೊತೆಗೆ ಎರಡೂ ಪಾದಕ್ಕೆ, ಮೇಲೆ ಕೆಳಗೆ ಅಂತ ಹೊರಟರೆ 3 ಪ್ಯಾಚಿನ ಲೆಕ್ಕ ಸಾಲುವುದಿಲ್ಲ. ಡಾಕ್ಟರಿಗೆ ಪಾದ ತೋರಿಸದೆ ಶುರು ಮಾಡಬೇಡಿ.

ಅಂಗಡಿಯಲ್ಲಿ ಕೇಳಿದರೆ ಬೇರೆ ಪ್ಯಾಚ್ ಕೊಟ್ಟರು. ಎಲ್ಲ ಒಂದೇ ಅಲ್ವಾ?

ಅಲ್ಲ. ನಮ್ಮ ಊರುಗಳಲ್ಲಿ "ನೋವಿನ ಪ್ಯಾಚ್ ಕೊಡಿ" ಅಂದರೆ ಸಾಮಾನ್ಯವಾಗಿ ಕೈಗೆ ಬರುವುದು ಡೈಕ್ಲೋಫಿನ್ಯಾಕ್ ಪ್ಯಾಚ್. ಅದು ಊತ, ಉಳುಕಿಗೆ. ನರ ಮರಗಟ್ಟಿಸುವುದಿಲ್ಲ. ನಮ್ಮ ಚಿಕ್ಕಮ್ಮ ಎರಡು ವಾರ ಅದನ್ನೇ ಹಾಕಿಕೊಂಡು "ನಿಮ್ಮಮ್ಮಂಗೆ ಆದ ಗುಣ ನಂಗ್ಯಾಕೆ ಆಗಲಿಲ್ಲ" ಅಂತ ಕೇಳಿದರು. ಕವರ್ ಫೋಟೋ ಕಳಿಸಿ ಅಂದೆ, ಬಂದದ್ದು ಡೈಕ್ಲೋಫಿನ್ಯಾಕ್. ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು, ರಕ್ತ ತೆಳುಮಾಡುವ ಮಾತ್ರೆ ಇರುವವರು ಅದನ್ನೂ ಕೇಳದೆ ಹಾಕಬಾರದು. ಹಿರಿಯರಿಗೆ ಗೊತ್ತಿರುವ ಬೆಲ್ಲಡೋನಾ ಪ್ಲಾಸ್ಟರ್ ಇನ್ನೊಂದು ಜಾತಿ. ಅದೂ ಇದಲ್ಲ.

ನಿಜವಾಗಿ ಹೆದರಬೇಕಾದದ್ದು ಫೆಂಟನಿಲ್ ಪ್ಯಾಚಿಗೆ. ಕ್ಯಾನ್ಸರಿನಂಥ ದೊಡ್ಡ ನೋವಿಗೆ ಕೊಡುವ, ಮಾರ್ಫಿನ್ ಜಾತಿಯ ಔಷಧಿ ಅದು. 72 ಗಂಟೆಗೊಮ್ಮೆ ಬದಲಿಸುವುದು. ನೋವಿರುವ ಜಾಗಕ್ಕೇ ಹಾಕಬೇಕೆಂದಿಲ್ಲ, ಅದು ರಕ್ತದ ಮೂಲಕ ಇಡೀ ಮೈಗೆ ಹೋಗುತ್ತದೆ. ಬೇರೆಯವರ ಫೆಂಟನಿಲ್ ಪ್ಯಾಚನ್ನು "ನೋವಿಗೇ ತಾನೇ" ಅಂತ ಅಂಟಿಸಿಕೊಂಡರೆ ಉಸಿರು ನಿಲ್ಲಬಹುದು. ಮನೆಯಲ್ಲಿ ಎರಡು ಥರದ ಪ್ಯಾಚ್ ಇದ್ದರೆ ಒಂದೇ ಡಬ್ಬಿಯಲ್ಲಿ ಇಡಬೇಡಿ.

ಲಿಗ್ನೋಕೇನ್ ಪ್ಯಾಚನ್ನು ಎಲ್ಲ ಅಂಗಡಿಯವರೂ ಇಟ್ಟಿರುವುದಿಲ್ಲ. ಒಂದೆರಡು ದಿನ ಮುಂಚೆ ಹೇಳಿದರೆ ತರಿಸಿಕೊಡುತ್ತಾರೆ. "ಅದರ ಬದಲು ಇದು ತಗೊಳ್ಳಿ" ಅಂದರೆ ತಗೋಬೇಡಿ. ಚೀಟಿಯಲ್ಲಿರುವ ಹೆಸರೂ ಕವರಿನ ಮೇಲಿನ ಹೆಸರೂ ತಾಳೆ ನೋಡಿ.

ಮಗ ಅಮೆರಿಕದಿಂದ ತಂದಿದ್ದಾನೆ. ಹಾಕಬಹುದಾ?

ಸೂಟ್‌ಕೇಸಿನಲ್ಲಿ ಚಾಕೊಲೇಟಿನ ಪಕ್ಕ ಬರುವ ಪ್ಯಾಚುಗಳ ಲೆಕ್ಕ ಇಟ್ಟವರಿಲ್ಲ. ಅಲ್ಲಿ ಚೀಟಿ ಇಲ್ಲದೆ ಸಿಗುವುದು ಶೇ 4ರವರೆಗಿನ ಲಿಡೋಕೇನ್ ಪ್ಯಾಚ್. ಕೆಲವದರಲ್ಲಿ ಮೆಂಥಾಲ್ ಕೂಡ ಸೇರಿರುತ್ತದೆ. ಸಲೋನ್‌ಪಾಸ್ ಅನ್ನುವ ಒಂದೇ ಹೆಸರಿನಲ್ಲಿ ಲಿಡೋಕೇನ್ ಇರುವುದೂ ಇದೆ, ಬರೀ ಕರ್ಪೂರ, ಮೆಂಥಾಲ್ ಥರದವು ಇರುವುದೂ ಇದೆ. ಡಬ್ಬಿಯ ಹಿಂದೆ ಏನು ಬರೆದಿದೆ ಓದಿಸಿ. ಎಷ್ಟು ಗಂಟೆ ಇಡಬೇಕು ಅನ್ನುವುದೂ ಒಂದೊಂದಕ್ಕೆ ಒಂದೊಂದು.

ಇನ್ನೊಂದು ಮಾತು. 2018ರಲ್ಲಿ ಅಲ್ಲಿ ಶೇ 1.8ರ ಒಂದು ತೆಳು ಪ್ಯಾಚ್ ಒಪ್ಪಿಗೆ ಪಡೆಯಿತು. ಅದರಲ್ಲಿರುವುದು 36 ಮಿಲಿಗ್ರಾಂ ಮಾತ್ರ, ಆದರೂ ಶೇ 5ರ ಪ್ಯಾಚ್ ಕೊಡುವಷ್ಟೇ ಔಷಧಿ ಮೈಗೆ ಇಳಿಸುತ್ತದೆ. "ಇದು ಬರೀ 1.8, ಮೂರು ಜಾಸ್ತಿ ಹಾಕೋಣ" ಅಂದರೆ ಕೆಟ್ಟಿತು. ಪ್ಯಾಚಿನಲ್ಲಿ ಶೇಕಡಾವಾರು ನೋಡಿ ಶಕ್ತಿ ಅಳೆಯಲು ಆಗುವುದಿಲ್ಲ.

ಮೆಣಸಿನಕಾಯಿ ಪ್ಯಾಚ್ ಅಂತ ಇದೆಯಂತೆ?

ಇದೆ. ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ಅದರಲ್ಲಿ ಶೇ 8ರಷ್ಟು. ಅಮೆರಿಕದಲ್ಲಿ 2009ರಲ್ಲಿ ಸರ್ಪಸುತ್ತಿನ ನಂತರದ ನೋವಿಗೆ, 2020ರಲ್ಲಿ ಶುಗರ್‌ನಿಂದ ಬರುವ ಪಾದದ ನೋವಿಗೆ ಒಪ್ಪಿಗೆ ಪಡೆಯಿತು. ಮನೆಯಲ್ಲಿ ಹಾಕುವುದಲ್ಲ. ಆಸ್ಪತ್ರೆಯಲ್ಲಿ, ಕೈಗವಸು ತೊಟ್ಟವರು, ಪಕ್ಕೆಗಾದರೆ ಒಂದು ಗಂಟೆ, ಪಾದಕ್ಕಾದರೆ ಅರ್ಧ ಗಂಟೆ ಇಟ್ಟು ತೆಗೆಯುತ್ತಾರೆ. ಮತ್ತೆ ಹಾಕುವುದು ಮೂರು ತಿಂಗಳಾದ ಮೇಲೆ. ಖಾರವನ್ನು ಗುರುತಿಸುವ ನರದ ತುದಿ ಎಷ್ಟು ಉರಿಯುತ್ತದೆಂದರೆ, ಸುಸ್ತಾಗಿ ಸುಮ್ಮನಾಗುತ್ತದೆ. ಆ ನರದ ತುದಿಯಲ್ಲಿರುವ ಖಾರದ ಗ್ರಾಹಕವನ್ನು ಪತ್ತೆ ಮಾಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು.

ಒಬ್ಬರು ಗಂಭೀರವಾಗಿ ಬ್ಯಾಡಗಿ ಮೆಣಸಿನಕಾಯಿ ಅರೆದು ಕಟ್ಟಬಹುದಾ ಅಂತ ಕೇಳಿದ್ದರು. ಬ್ಯಾಡಗಿಗೆ ಹೆಸರು ಬಂದದ್ದು ಬಣ್ಣದಿಂದ, ಖಾರದಿಂದಲ್ಲ. ಅದು ಸಾರಿಗೇ ಇರಲಿ. ಯಾವ ಮೆಣಸಿನಕಾಯಿಯನ್ನೂ ಚರ್ಮಕ್ಕೆ ಕಟ್ಟಬೇಡಿ.

ಚರ್ಮ ಕೆಂಪಾಗಿದೆ, ತುರಿಕೆ ಇದೆ. ನಿಲ್ಲಿಸಬೇಕಾ?

ಕಿತ್ತ ಮೇಲೆ ತಿಳಿಗೆಂಪು ಗುರುತು ಸಾಮಾನ್ಯ, ಒಂದೆರಡು ಗಂಟೆಯಲ್ಲಿ ಹೋಗುತ್ತದೆ. ಹಾಕಿದಾಗ ಉರಿ ತಡೆಯಲು ಆಗದಿದ್ದರೆ ಕಿತ್ತುಬಿಡಿ. ಕೆಂಪು ಪೂರ್ತಿ ಹೋಗುವವರೆಗೆ ಮತ್ತೆ ಹಾಕಬೇಡಿ. ಗುಳ್ಳೆ, ದದ್ದು, ಮುಖ ಊದುವುದು, ಉಸಿರು ಕಟ್ಟುವುದು ಆದರೆ ಅದು ಅಲರ್ಜಿ, ಕಾಯಬೇಡಿ.

ಬಳಸಿದ ಪ್ಯಾಚನ್ನು ಕಸದಬುಟ್ಟಿಗೆ ಹಾಕಿದರೆ ಸಾಲದಾ?

ಸಾಲದು. 12 ಗಂಟೆ ಬಳಸಿದ ಮೇಲೂ 700ರಲ್ಲಿ ಕನಿಷ್ಠ 665 ಮಿಲಿಗ್ರಾಂ ಅದರಲ್ಲೇ ಉಳಿದಿರುತ್ತದೆ. ಮಗು ಎತ್ತಿ ಬಾಯಿಗೆ ಹಾಕಿ ಚೀಪಿದರೆ ಜೀವಕ್ಕೇ ಅಪಾಯ. ನಾಯಿ, ಬೆಕ್ಕಿಗೂ ಅಷ್ಟೇ. ಅಂಟಿನ ಕಡೆಯನ್ನು ಒಳಗೆ ಮಾಡಿ ಮಡಚಿ ಒತ್ತಿ. ನಾನು ಖಾಲಿ ಮಾತ್ರೆ ಡಬ್ಬಿಯೊಂದಕ್ಕೆ ಹಾಕಿ, ತುಂಬಿದ ಮೇಲೆ ಟೇಪ್ ಸುತ್ತಿ ಕಸದ ಗಾಡಿಗೆ ಕೊಡುತ್ತೇನೆ. ಮಲಗಿದಾಗ ಕಿತ್ತು ಹಾಸಿಗೆಗೆ ಅಂಟಿಕೊಂಡ ಪ್ಯಾಚ್ ಇದ್ದರೆ ಬೆಳಿಗ್ಗೆ ಹುಡುಕಿ ತೆಗೆಯಿರಿ. ತೆವಳುವ ಮೊಮ್ಮಕ್ಕಳಿದ್ದರೆ ಮರೆಯಲೇಬೇಡಿ.

ಅಭ್ಯಾಸ ಆಗಿಬಿಡುತ್ತಾ? ಬೇರೆ ಮಾತ್ರೆ ನಿಲ್ಲಿಸಬಹುದಾ?

ಇದು ಚಟ ಹಿಡಿಸುವ ಔಷಧಿ ಅಲ್ಲ. ನಿಲ್ಲಿಸಿದರೆ ನೋವು ವಾಪಸ್ ಬರಬಹುದು, ಅದು ಬೇರೆ ಮಾತು. ಪ್ಯಾಚ್ ನರವನ್ನು ರಿಪೇರಿ ಮಾಡುವುದಿಲ್ಲ, ನರದ ಗಲಾಟೆ ಕಮ್ಮಿ ಮಾಡುತ್ತದೆ.

ನರದ ನೋವಿಗೆ ಸಾಮಾನ್ಯವಾಗಿ ಕೊಡುವುದು ಪ್ರಿಗ್ಯಾಬಲಿನ್, ಗ್ಯಾಬಪೆಂಟಿನ್, ಅಮಿಟ್ರಿಪ್ಟಿಲಿನ್ ಥರದ ಮಾತ್ರೆ. ವಯಸ್ಸಾದವರಿಗೆ ಇವು ಮಂಪರು, ತಲೆಸುತ್ತು ತರುತ್ತವೆ. ರಾತ್ರಿ ಬಚ್ಚಲಿಗೆ ಎದ್ದು ಹೋಗಿ ಬಿದ್ದು ಸೊಂಟ ಮುರಿದುಕೊಂಡವರನ್ನು ಎಲ್ಲರೂ ನೋಡಿರುತ್ತೀರಿ. ಪ್ಯಾಚ್ ಮಂಕು ಕವಿಸುವುದಿಲ್ಲ ಅನ್ನುವುದೇ ಹಿರಿಯರಿಗೆ ಅದರ ದೊಡ್ಡ ಲಾಭ. ಅಮ್ಮನ ಡಾಕ್ಟರ್ ಪ್ಯಾಚ್ ಹಿಡಿದ ಮೇಲೆ ಮಾತ್ರೆಯ ಡೋಸ್ ನಿಧಾನವಾಗಿ ಇಳಿಸಿದರು. ನೀವಾಗಿಯೇ ಒಂದೇ ದಿನಕ್ಕೆ ನಿಲ್ಲಿಸಬೇಡಿ.

ಪ್ಯಾಚ್ ಸಿಗದಿದ್ದರೆ ಲಿಗ್ನೋಕೇನ್ ಜೆಲ್ಲಿ ಹಚ್ಚಬಹುದಾ?

ಆ ಶೇ 2ರ ಜೆಲ್ಲಿ ನಳಿಕೆ ಹಾಕುವಾಗ ಮೂತ್ರದ ದಾರಿಯಂಥ ಒದ್ದೆ ಪೊರೆಗೆ ಹಚ್ಚಲು ಮಾಡಿದ್ದು. ಗಟ್ಟಿ ಚರ್ಮದ ಮೂಲಕ ಅಷ್ಟು ಇಳಿಯುವುದಿಲ್ಲ. ಬಟ್ಟೆ ಕೊಳೆಯಾಗುವುದೇ ಜಾಸ್ತಿ.

ಇದು ಕೆಲಸ ಮಾಡುತ್ತೆ ಅನ್ನುವುದಕ್ಕೆ ಪುರಾವೆ ಗಟ್ಟಿಯಾಗಿದೆಯಾ?

ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಪ್ಯಾಕೆಟ್ ಬೆಲೆ ನೋಡಿದರೆ ಅನಿಸುವಷ್ಟು ಗಟ್ಟಿಯಿಲ್ಲ. 2014ರಲ್ಲಿ ಕಾಕ್ರೇನ್ ಸಂಸ್ಥೆ ನರದ ನೋವಿಗೆ ಚರ್ಮದ ಮೇಲೆ ಹಾಕುವ ಲಿಡೋಕೇನ್ ಬಗ್ಗೆ ಆದ ಪ್ರಯೋಗಗಳನ್ನೆಲ್ಲ ಜರಡಿ ಹಿಡಿಯಿತು. ಒಂದೊಂದು ಪ್ರಯೋಗ ಗುಣ ಇದೆ ಅನ್ನುತ್ತದೆ, ಆದರೆ ಒಳ್ಳೆಯ ಗುಣಮಟ್ಟದ ಪುರಾವೆ ಇಲ್ಲ ಅಂತ ಹೇಳಿತು. 2015ರಲ್ಲಿ ನರದ ನೋವಿನ ತಜ್ಞರ ಅಂತರರಾಷ್ಟ್ರೀಯ ಗುಂಪು ಇದನ್ನು ಎರಡನೇ ಸಾಲಿನಲ್ಲಿ ಇಟ್ಟಿತು, ಮಾತ್ರೆಗಳು ಮೊದಲ ಸಾಲು. 2017ರಲ್ಲಿ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ, ಸರ್ಪಸುತ್ತಿನ ನಂತರದ ನೋವು ಬಿಟ್ಟು ಬೇರೆಯದಕ್ಕೆಲ್ಲ ಇದನ್ನು ಬರೆಯಬೇಡಿ ಅಂತ ಡಾಕ್ಟರುಗಳಿಗೆ ಹೇಳಿತು.

ಮಾರುವವಳಾಗಿ ನನಗೆ ಇದು ನಷ್ಟದ ಮಾತು. ಆದರೆ ನನ್ನ ಅನುಭವವೂ ಇದಕ್ಕೆ ಹತ್ತಿರವೇ. ಸರಿಯಾದ ನೋವಿಗೆ ಸಿಕ್ಕರೆ ಚೆನ್ನಾಗಿ ಹಿಡಿಯುತ್ತದೆ, ತಪ್ಪಾದ ನೋವಿಗೆ ದುಡ್ಡು ಅಂಟಿಸಿಕೊಂಡ ಹಾಗೆ. ಹಾಗಾಗಿ ಮೊದಲ ಸಲಕ್ಕೆ ಪೂರ್ತಿ ಡಬ್ಬಿ ಕೊಳ್ಳಬೇಡಿ, ಬಿಡಿಯಾಗಿ ಸಿಕ್ಕರೆ ನಾಲ್ಕು ತಗೊಳ್ಳಿ.

ಸರ್ಪಸುತ್ತು ಬಾರದ ಹಾಗೆ ಲಸಿಕೆ ಇದೆಯಂತೆ?

ಇದೆ. ಶಿಂಗ್ರಿಕ್ಸ್ ಅನ್ನುವ ಲಸಿಕೆ 2023ರಲ್ಲಿ ಭಾರತಕ್ಕೆ ಬಂತು. 50 ದಾಟಿದವರಿಗೆ, ಎರಡು ಡೋಸ್, ನಡುವೆ 2ರಿಂದ 6 ತಿಂಗಳು. ದುಬಾರಿ. ಈಗಾಗಲೇ ಶುರುವಾದ ನೋವಿಗೆ ಇದು ಔಷಧಿ ಅಲ್ಲ. ಅಮ್ಮನನ್ನು ನೋಡಿದ ಮೇಲೆ ನಾನೂ ನನ್ನ ಗಂಡನೂ 50 ತುಂಬುವುದನ್ನೇ ಕಾಯುತ್ತಿದ್ದೇವೆ. ಹುಟ್ಟುಹಬ್ಬಕ್ಕೆ ಕಾಯುವುದು ಶಾಲೆ ಬಿಟ್ಟ ಮೇಲೆ ಇದೇ ಮೊದಲು.

ನಿಮ್ಮ ಅಮ್ಮ ಈಗ ಹೇಗಿದ್ದಾರೆ?

ನೋವು ಪೂರ್ತಿ ಹೋಗಿಲ್ಲ. ಒಂದು ವರ್ಷ ದಿನಾ ಹಾಕಿದೆವು, ಆಮೇಲೆ ದಿನ ಬಿಟ್ಟು ದಿನ, ಈಗ ಬೇಕೆನಿಸಿದಾಗ ಮಾತ್ರ. ಮಳೆಗಾಲದ ಥಂಡಿಗೆ ಜಾಸ್ತಿ, ಬೇಸಿಗೆಯಲ್ಲಿ ಕಮ್ಮಿ ಅಂತ ಅವಳ ಲೆಕ್ಕ. ಕ್ಯಾಲೆಂಡರ್ ಹಿಂದೆ ಈಗಲೂ ಬರೆಯುತ್ತಾಳೆ. ಹೋದ ತಿಂಗಳ ಹಾಳೆಯಲ್ಲಿ ಪ್ಯಾಚ್ ಹಾಕಿದ ಗುರುತು ಐದು ಕಡೆ ಇತ್ತು. ಅದರ ಪಕ್ಕದಲ್ಲೇ ಹಾಲಿನವನ ಲೆಕ್ಕ.